ಹಳೆ ಮನೆ ಕೊಂಡು, ಸರಿಪಡಿಸಿ, ಮಾರುವ ಮುನ್ನ

ಕುರುಗೋಡಿನ ಹಳೆಯ ಓಣಿಗಳಲ್ಲಿ ನಡೆದರೆ ಬೀಗ ಜಡಿದ ಮನೆಗಳು ಕಾಣುತ್ತವೆ. ಕಟ್ಟೆಯ ಚಪ್ಪಡಿ ಗಟ್ಟಿಯಾಗಿದೆ, ತಲೆಬಾಗಿಲ ಚೌಕಟ್ಟು ನೆಟ್ಟಗಿದೆ, ಒಳಗೆ ಮಾಳಿಗೆ ಮಾತ್ರ ಕುಸಿದಿದೆ. ಮಕ್ಕಳು ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ್ದಾರೆ, ಅಣ್ಣತಮ್ಮಂದಿರಲ್ಲಿ ಭಾಗವಾಗಿಲ್ಲ, ರಿಪೇರಿಗೆ ಯಾರೂ ಕೈಹಾಕುತ್ತಿಲ್ಲ. ಇದೇ ಊರು ತಾಲ್ಲೂಕು ಕೇಂದ್ರವೂ ಆಗಿದೆ. ವರ್ಗವಾಗಿ ಬರುವ ನೌಕರರಿಗೆ, ಶಿಕ್ಷಕರಿಗೆ, ಮಕ್ಕಳ ಓದಿಗಾಗಿ ಹಳ್ಳಿಯಿಂದ ಪಟ್ಟಣಕ್ಕೆ ಬರುವ ರೈತ ಕುಟುಂಬಗಳಿಗೆ ವಾಸಕ್ಕೆ ಯೋಗ್ಯವಾದ ಮನೆ ಬೇಕು. ಬೀಗ ಬಿದ್ದ ಮನೆಯನ್ನು ಬೇಕಾದವರ ಕೈಗೆ ತಲುಪಿಸುವ ಕೆಲಸದಲ್ಲಿ ಒಂದು ದುಡಿಮೆ ಇದೆ. ಹಳೆ ಮನೆ ಕೊಂಡು, ಸರಿಪಡಿಸಿ, ಲಾಭಕ್ಕೆ ಮಾರುವ ಈ ದುಡಿಮೆಯನ್ನು ಕಲಿಯುವುದು ಹೇಗೆ ಎಂದು ಕೇಳುವ ಯುವಕರು ಈಗ ಹೆಚ್ಚುತ್ತಿದ್ದಾರೆ.

ಅಮೆರಿಕದ ಟೀವಿ ಕಾರ್ಯಕ್ರಮಗಳಲ್ಲಿ ಮೂರು ವಾರದಲ್ಲಿ ಹಾಳುಮನೆ ಅರಮನೆಯಾಗುತ್ತದೆ, ಕೊನೆಗೆ ಲಾಭದ ಅಂಕಿ ಪರದೆಯ ಮೇಲೆ ಮಿನುಗುತ್ತದೆ. ಅಲ್ಲಿ ತೋರಿಸದ ಸಂಗತಿಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಜಿಲ್ಲೋ ಎಂಬ ಅಮೆರಿಕದ ದೊಡ್ಡ ಕಂಪನಿ ಲಕ್ಷಾಂತರ ಮನೆಗಳ ಬೆಲೆಯ ಮಾಹಿತಿಯನ್ನು ಕಂಪ್ಯೂಟರಿನಲ್ಲಿಟ್ಟುಕೊಂಡು ಇದೇ ವ್ಯಾಪಾರಕ್ಕೆ ಇಳಿಯಿತು. 2021ರ ನವೆಂಬರಿನಲ್ಲಿ ಆ ವಿಭಾಗವನ್ನೇ ಮುಚ್ಚಿತು. ಕೊಂಡ ಬೆಲೆಗೆ ಮಾರಲಾಗದ ಮನೆಗಳಿಂದಾಗಿ ಒಂದೇ ತ್ರೈಮಾಸಿಕದಲ್ಲಿ 30 ಕೋಟಿ ಡಾಲರಿಗೂ ಹೆಚ್ಚು ಹಾನಿಯನ್ನು ಲೆಕ್ಕಪುಸ್ತಕದಲ್ಲಿ ಬರೆದುಕೊಂಡಿತು. ಅದು ಸೋತದ್ದು ಬಣ್ಣ ಬಳಿಯುವುದರಲ್ಲಲ್ಲ, ಹೆಚ್ಚು ಬೆಲೆ ಕೊಟ್ಟು ಕೊಂಡದ್ದರಲ್ಲಿ. ಕುರುಗೋಡಿನಲ್ಲೂ ಲಾಭನಷ್ಟ ತೀರ್ಮಾನವಾಗುವುದು ಕೊಳ್ಳುವ ದಿನವೇ. ಆ ದಿನ ನೀವು ನೋಡಬೇಕಾದವು ಮೂರು: ಕಾಗದ, ಮಾಳಿಗೆ, ಲೆಕ್ಕ.

ಕಾಗದ

ನಮ್ಮ ಸೀಮೆಯ ಹಳೆ ಮನೆಗಳ ದೊಡ್ಡ ರೋಗ ಗೋಡೆಯ ಬಿರುಕಲ್ಲ, ಹಕ್ಕಿನ ಬಿರುಕು. ಅಜ್ಜನ ಹೆಸರಿನಲ್ಲಿ ಖಾತೆ ಇರುತ್ತದೆ, ಮನೆಯಲ್ಲಿ ಮೊಮ್ಮಗ ಇರುತ್ತಾನೆ, ನಡುವೆ ಎಂಟು ಹತ್ತು ವಾರಸುದಾರರು. ಮಾತಿಗೆ ಬರುವವನು ಹಿರಿಯ ಮಗ ಒಬ್ಬನೇ. “ತಂಗಿಯರದ್ದೇನೂ ತಕರಾರಿಲ್ಲ, ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ” ಎನ್ನುತ್ತಾನೆ. ಈ ಮಾತನ್ನು ನಂಬಿ ಮುಂಗಡ ಕೊಡಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು. ದೇಶಕ್ಕೆಲ್ಲ ಅನ್ವಯಿಸುವಂತೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಯಿತು. ಮಗಳ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಅಕ್ಕತಂಗಿಯರೆಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು. ಮದುವೆಯ ಖರ್ಚು ಹಕ್ಕುಬಿಡುಗಡೆ ಆಗುವುದಿಲ್ಲ. ಇದು ಕಾನೂನಿನ ಭಯಕ್ಕಷ್ಟೇ ಹೇಳುವ ಮಾತಲ್ಲ. ಒಬ್ಬ ಹೆಣ್ಣುಮಗಳ ಪಾಲನ್ನು ಕೇಳದೆ ಕೊಂಡ ಮನೆಯಿಂದ ಬರುವ ಲಾಭ ನ್ಯಾಯದ ಲಾಭವಲ್ಲ.

ನೋಡಬೇಕಾದ ಕಾಗದಗಳು ಇವು: ಮೂಲಪತ್ರ, ಅಲ್ಲಿಂದ ಇಲ್ಲಿಯವರೆಗೆ ಆಸ್ತಿ ಕೈಬದಲಾದ ಎಲ್ಲ ಪತ್ರಗಳು, ಭಾಗಪತ್ರ, ವಂಶವೃಕ್ಷ, ತೀರಿಕೊಂಡವರ ಮರಣ ಪ್ರಮಾಣಪತ್ರ, ಕಂದಾಯ ಕಟ್ಟಿದ ರಸೀದಿ, ಖಾತೆ, ಋಣಭಾರ ಪ್ರಮಾಣಪತ್ರ. ಋಣಭಾರ ಪ್ರಮಾಣಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಿ. 2004ರ ಏಪ್ರಿಲ್ ನಂತರದ ವಿವರ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಹಳೆ ಪುಸ್ತಕಗಳನ್ನೇ ತೆಗೆಸಿ ನೋಡಬೇಕು. ಹಲವರು ಮೊದಲರ್ಧ ನೋಡಿ ಸುಮ್ಮನಾಗುತ್ತಾರೆ, ಸೊಸೈಟಿಯಲ್ಲಿ ಅಡವಿಟ್ಟ ಹಳೆ ಸಾಲ ಉಳಿದರ್ಧದಲ್ಲಿರುತ್ತದೆ.

ಖಾತೆ ಮಾಲೀಕತ್ವದ ದಾಖಲೆಯಲ್ಲ, ಕಂದಾಯ ಯಾರಿಂದ ವಸೂಲು ಮಾಡಬೇಕು ಎಂಬುದರ ದಾಖಲೆ. ಆದರೂ ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಪಟ್ಟಣದ ಆಸ್ತಿಗೆ ಇ-ಆಸ್ತಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು. ಮನೆ ಕೃಷಿ ಜಮೀನಿನಲ್ಲಿ ಅನುಮತಿಯಿಲ್ಲದೆ ಎದ್ದ ಬಡಾವಣೆಯದ್ದಾದರೆ ‘ಬಿ’ ಖಾತೆ ಸಿಕ್ಕಿರಬಹುದು. ಅಂಥದ್ದನ್ನು ಕೊಂಡರೆ ಮುಂದೆ ಮಾರುವಾಗ ಬ್ಯಾಂಕ್ ಸಾಲದ ಮೇಲೆ ಕೊಳ್ಳುವವರನ್ನು ಕಳೆದುಕೊಳ್ಳುತ್ತೀರಿ, ಉಳಿಯುವುದು ಕೈಯಲ್ಲಿ ದುಡ್ಡಿರುವವರು ಮಾತ್ರ. ಆಶ್ರಯದಂಥ ಯೋಜನೆಗಳಲ್ಲಿ ಹಕ್ಕುಪತ್ರದ ಮೂಲಕ ಬಂದ ಮನೆಗಳಿಗೆ ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತಿರುತ್ತದೆ. ಆ ಸಾಲನ್ನು ಹಕ್ಕುಪತ್ರದಲ್ಲಿ ಹುಡುಕಿ ಓದಿ. ಬಾಂಡ್ ಪೇಪರಿನ ಮೇಲೆ ಬರೆದ ಕರಾರು ಮತ್ತು ಜನರಲ್ ಪವರ್ ಆಫ್ ಅಟಾರ್ನಿಯಿಂದ ಮನೆ ನಿಮ್ಮದಾಗುವುದಿಲ್ಲ. ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ.

ಕುರುಗೋಡಿಗೆ ಸೇರಿದ ಇನ್ನೊಂದು ಮಾತು. 12ನೇ ಶತಮಾನದಲ್ಲಿ ಸಿಂದರು ಆಳಿದ ಊರಿದು, ಹಳೆ ದೇಗುಲಗಳು ಊರಿನ ಸುತ್ತ ಚದುರಿವೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಯಾವುದೇ ಇರಲಿ, ಅದರ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರು ನಿಯಂತ್ರಿತ ವಲಯ, ಅಲ್ಲಿ ಮೊದಲೇ ಅನುಮತಿ ಬೇಕು. 100 ಮೀಟರಿನೊಳಗಿನ ಹಳೆ ಮನೆಯ ದುರಸ್ತಿಗೂ ಅನುಮತಿ ಪಡೆಯಲೇಬೇಕು. ಬಳ್ಳಾರಿಯಲ್ಲಿ ಕೋಟೆಯ ಬುಡದ ಮನೆಗಳನ್ನು ನೋಡುವಾಗಲೂ ಈ ಪ್ರಶ್ನೆಯನ್ನು ಪಾಲಿಕೆಯಲ್ಲಿ ಕೇಳಿಕೊಳ್ಳಿ. ಮೇಲೊಂದು ಅಂತಸ್ತು ಎಬ್ಬಿಸುವ ಲೆಕ್ಕದಲ್ಲಿ ಕೊಂಡು ಆಮೇಲೆ ಎಬ್ಬಿಸಲಾಗದಿದ್ದರೆ ಇಡೀ ಲೆಕ್ಕವೇ ಬುಡಮೇಲಾಗುತ್ತದೆ.

ವಕೀಲರ ಶುಲ್ಕ ಉಳಿಸಬೇಡಿ. ಮಾರುವವರು ಸೂಚಿಸಿದ ವಕೀಲರು ಬೇಡ, ದಲ್ಲಾಳಿ ಸೂಚಿಸಿದವರೂ ಬೇಡ, ನಿಮ್ಮವರೇ ಇರಲಿ.

ಮಾಳಿಗೆ, ಗೋಡೆ, ಎರೆಮಣ್ಣು

ಕುರುಗೋಡು, ಸಿರುಗುಪ್ಪ ಭಾಗದ ಹಳೆ ಮನೆಗಳು ಹೆಚ್ಚಾಗಿ ಮಣ್ಣಿನ ಮಾಳಿಗೆಯವು. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಅದರ ಮೇಲೆ ಹಲಗೆ ಅಥವಾ ಕಡ್ಡಿಚಪ್ಪರ, ಎಲ್ಲದರ ಮೇಲೆ ಸವಳು ಮಣ್ಣು. ಸವಳು ಮಣ್ಣನ್ನು ಹಿರಿಯರು ಸುಮ್ಮನೆ ಆರಿಸಲಿಲ್ಲ. ಅದರಲ್ಲಿ ಹುಲ್ಲು ಬೆಳೆಯುವುದಿಲ್ಲ, ಮೊದಲ ಮಳೆಗೆ ನೆನೆದು ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗಲೂ ಈ ಮನೆಗಳ ಪಡಸಾಲೆ ತಂಪಾಗಿರುವುದು ಇದೇ ಮಣ್ಣಿನಿಂದ.

ಅಪಾಯವೂ ಅದರಿಂದಲೇ. ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುತ್ತ ಬಂದಿರುತ್ತಾರೆ. ಹತ್ತಡಿಗೆ ಹತ್ತಡಿಯ ಕೋಣೆಯ ಮೇಲೆ ಹತ್ತು ಇಂಚು ಮಣ್ಣಿದ್ದರೆ ಅದರ ತೂಕ ಸುಮಾರು 4 ಟನ್ನು. ನೆನೆದಾಗ ಇನ್ನೂ ಹೆಚ್ಚು. ಗೋಡೆಯೊಳಗೆ ಹೂತ ತೊಲೆಯ ತುದಿ ಗೆದ್ದಲಿಗೆ ಟೊಳ್ಳಾಗಿದ್ದರೆ ಒಂದೇ ಜಡಿಮಳೆ ಸಾಕು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆ, ಪ್ರವಾಹಗಳಲ್ಲಿ ತುಂಗಭದ್ರಾ, ಹಗರಿ ತೀರದ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದದ್ದನ್ನು ಸಿರುಗುಪ್ಪ ಕಡೆಯವರು ಮರೆತಿಲ್ಲ. ಆ ಭಾಗದಲ್ಲಿ ಮನೆ ನೋಡುವಾಗ, ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದ ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿ.

ನೋಡಲು ಹೋಗುವಾಗ ಒಬ್ಬ ಅನುಭವಿ ಮೇಸ್ತ್ರಿಯನ್ನೂ ಒಬ್ಬ ಬಡಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿ ಕೊಡಿ. ಬಡಗಿ ಪ್ರತಿ ತೊಲೆಯ ತುದಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಲಿ. ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳಿನ ಸದ್ದೇ ಬೇರೆ. ಉಳಿ ಚುಚ್ಚಿದರೆ ಎಷ್ಟು ಇಳಿಯುತ್ತದೆ ನೋಡಿ. ತೊಲೆ ನಡುವೆ ಬಾಗಿದೆಯೇ ಎಂದು ದಾರ ಹಿಡಿದು ಅಳೆಯಿರಿ.

ಮಾಳಿಗೆಗೆ ಏನು ಮಾಡುವುದು? ಹೆಚ್ಚಿನವರು ಮಣ್ಣು ಕಿತ್ತುಹಾಕಿ ಅದೇ ಗೋಡೆಗಳ ಮೇಲೆ ಆರ್‌ಸಿಸಿ ಹಾಕಿಸುತ್ತಾರೆ. ಮಣ್ಣಿನ ಗಾರೆಯ ಗೋಡೆ ಆ ಭಾರ ಹೊರುತ್ತದೆಯೇ ಎಂಬುದನ್ನು ಮೇಸ್ತ್ರಿಯ ಕಣ್ಣಂದಾಜಿಗೆ ಬಿಡಬಾರದು, ಸಿವಿಲ್ ಎಂಜಿನಿಯರರಿಂದ ಬರೆಸಿಕೊಳ್ಳಬೇಕು. ಮೂಲೆಗಳಲ್ಲಿ ಹೊಸ ಕಂಬ ಎಬ್ಬಿಸಿ ಭಾರವನ್ನು ಕಂಬಗಳಿಗೆ ಇಳಿಸುವುದು ಒಂದು ದಾರಿ, ಕಬ್ಬಿಣದ ಗರ್ಡರು ಹಾಕಿ ಕಲ್ಲು ಚಪ್ಪಡಿ ಹೊದಿಸುವುದು ಇನ್ನೊಂದು. ತೊಲೆಜಂತಿಗಳು ಗಟ್ಟಿ ಇದ್ದರೆ ಹೆಚ್ಚಾದ ಮಣ್ಣನ್ನು ಇಳಿಸಿ, ಕೆಟ್ಟ ತುದಿಗಳನ್ನಷ್ಟೇ ಬದಲಿಸಿ, ಮೇಲೆ ನೀರು ತಡೆಯುವ ಪದರ ಹಾಕಿ ಉಳಿಸಿಕೊಳ್ಳಬಹುದು. ನನ್ನ ಮತ ಇದರ ಕಡೆಗೇ. ಖರ್ಚು ಕಡಿಮೆ, ಮನೆಯ ತಂಪು ಉಳಿಯುತ್ತದೆ, ಹಿರಿಯರು ಕಟ್ಟಿದ್ದಕ್ಕೆ ಮರ್ಯಾದೆಯೂ ಸಲ್ಲುತ್ತದೆ. ತಗಡು ಹೊದಿಸಿದ ಮನೆ ಏಪ್ರಿಲ್ ತಿಂಗಳಲ್ಲಿ ಕೊಳ್ಳಲು ಬಂದವರನ್ನು ಐದು ನಿಮಿಷದಲ್ಲಿ ಹೊರಗೆ ಕಳಿಸುತ್ತದೆ.

ಇನ್ನು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಾಯಿಬಿಡುತ್ತದೆ. ಮೇಲಿನ ಮನೆ ಪ್ರತಿವರ್ಷ ಏರಿ ಇಳಿಯುತ್ತದೆ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕು ತಳಪಾಯದ ಬಿರುಕು, ಕೂದಲೆಳೆಯಂತೆ ಗಿಲಾವಿನಲ್ಲಷ್ಟೇ ಹರಡಿದ್ದು ಮೇಲ್ಮೈಯದ್ದು. ಯಾವುದು ಬೆಳೆಯುತ್ತಿದೆ ಎಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ಗಾಜಿನ ತುಂಡೊಂದನ್ನು ಗಾರೆಯಿಂದ ಅಂಟಿಸಿ ತಾರೀಖು ಬರೆದು ಬಿಡುವ ಹಳೆ ಕ್ರಮವಿದೆ. ಗಾಜು ಒಡೆದರೆ ಮನೆ ಇನ್ನೂ ಚಲಿಸುತ್ತಿದೆ. ಅಂಥ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಮುಂದಿನ ಮುಂಗಾರಿಗೆ ಅದು ಅಲ್ಲೇ ಹೊರಬರುತ್ತದೆ, ಆಗ ಕೊಂಡವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಎಷ್ಟೋ ಕಡೆ ಮದ್ದು ಸರಳ: ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಪೈಪು ಕೂರಿಸಿ ದೂರ ಸಾಗಿಸುವುದು, ಬಚ್ಚಲು ನೀರು ಇಂಗದಂತೆ ನೋಡಿಕೊಳ್ಳುವುದು, ಮನೆಯ ಸುತ್ತ ಮೂರಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟು ಅಥವಾ ಚಪ್ಪಡಿ ಹಾಸುವುದು. ತಳದ ಮಣ್ಣಿನ ತೇವ ಒಂದೇ ಸಮನಾಗಿದ್ದರೆ ಚಲನೆ ತಗ್ಗುತ್ತದೆ. ಅದಕ್ಕೂ ಬಗ್ಗದ ಮನೆಯನ್ನು ಬಿಟ್ಟುಬಿಡಿ. ಮೊದಲ ಮನೆಗೇ ತಳಪಾಯದ ಕೆಲಸಕ್ಕೆ ಇಳಿಯುವುದು ಬೇಡ.

ಕಾಲುವೆ ನೀರಾವರಿಯ ಪ್ರದೇಶದಲ್ಲಿ ಗೋಡೆಯ ಬುಡ ಎರಡು ಮೂರಡಿ ಎತ್ತರದವರೆಗೆ ಉಪ್ಪು ಬಿಟ್ಟು ಉದುರುವುದು ಸಾಮಾನ್ಯ. ಅದರ ಮೇಲೆ ದಪ್ಪ ಸಿಮೆಂಟು ಗಿಲಾವು ಬಳಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಇನ್ನೂ ಮೇಲಕ್ಕೇರುತ್ತದೆ. ಮಣ್ಣಿನ ಗೋಡೆಗೆ ಸುಣ್ಣದ ಗಿಲಾವೇ ಸರಿ. ಮಣ್ಣಿನ ಕಟ್ಟಡಗಳ ಬಗ್ಗೆ ನಮ್ಮ ರಾಜ್ಯದಲ್ಲೇ ಗಂಭೀರ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತಿತರರು ಒತ್ತಿದ ಮಣ್ಣಿನ ಇಟ್ಟಿಗೆಯ ತಂತ್ರವನ್ನು ಬೆಳೆಸಿದರು. ಕಂಪ್ಲಿಯಿಂದ ಹೆಚ್ಚು ದೂರವಿಲ್ಲದ ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಹಳೆ ಮನೆಗಳನ್ನು ಹಳೆ ರೀತಿಯಲ್ಲೇ ಉಳಿಸಿ ಬಳಕೆಗೆ ತಂದಿದೆ. ಈ ಕೆಲಸ ಕಲಿಯಬೇಕೆನ್ನುವವರು ಒಮ್ಮೆ ಅಲ್ಲಿ ಸುತ್ತಾಡಿ ಬರಲಿ.

ಕೆಲಸದ ಸರದಿ

ಮೊದಲು ಮಾಳಿಗೆ, ನಂತರ ನೀರು ಹರಿದುಹೋಗುವ ದಾರಿ, ನಂತರ ಗೋಡೆಯ ದುರಸ್ತಿ, ವೈರಿಂಗ್ ಮತ್ತು ಪೈಪು, ಗಿಲಾವು, ನೆಲ, ಬಾಗಿಲು ಕಿಟಕಿ, ಕೊನೆಗೆ ಬಣ್ಣ. ಸರದಿ ತಪ್ಪಿದರೆ ಒಂದೇ ಗೋಡೆಯನ್ನು ಎರಡು ಸಲ ಒಡೆಸುತ್ತೀರಿ.

ದುಡ್ಡು ಎಲ್ಲಿ ಹಾಕಬೇಕು? ಕೊಳ್ಳುವ ಕುಟುಂಬದ ಹೆಣ್ಣುಮಕ್ಕಳು ನೋಡುವುದು ಅಡುಗೆಮನೆ, ಬಚ್ಚಲು, ಶೌಚಾಲಯ, ನೀರಿನ ತೊಟ್ಟಿ. ಮನೆಯೊಳಗೇ ಶೌಚಾಲಯವಿಲ್ಲದ ಹಳೆ ಮನೆಗೆ ಒಳ್ಳೆಯದೊಂದು ಕಟ್ಟಿಸಿದರೆ ಅಷ್ಟೇ ದುಡ್ಡಿನ ಪಿಒಪಿ ಸೀಲಿಂಗಿಗಿಂತ ಹೆಚ್ಚು ಬೆಲೆ ಬರುತ್ತದೆ. ಅಡುಗೆಕಟ್ಟೆಗೆ ಗ್ರಾನೈಟ್, ಬೆಳಕು ಬರುವ ಕಿಟಕಿ, ಸರಾಗವಾಗಿ ಹರಿಯುವ ಮೋರಿ. ನೆಲದಲ್ಲಿ ಹಳೆ ಕಡಪ ಅಥವಾ ಶಹಾಬಾದ್ ಕಲ್ಲಿದ್ದರೆ ಕಿತ್ತು ಟೈಲ್ಸ್ ಹಾಕುವ ಮುನ್ನ ಪಾಲಿಶ್ ಮಾಡಿಸಿ ನೋಡಿ. ತಲೆಬಾಗಿಲು, ಕಂಬ, ಹಳೆ ತೊಲೆಗಳಿಗೆ ಬೆಲೆ ಇದೆ. ಒಡೆಯುವ ಗುತ್ತಿಗೆ ಕೊಡುವಾಗ ಮರ ಯಾರಿಗೆ ಸೇರಬೇಕೆಂದು ಮೊದಲೇ ಬರೆದಿಡಿ.

ವೈರಿಂಗ್ ಪೂರ್ತಿ ಹೊಸದಾಗಲಿ. ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಗೀಸರ್ ಮತ್ತು ಎಸಿಗೆ ಪ್ರತ್ಯೇಕ ದಪ್ಪ ತಂತಿ. ಒದ್ದೆ ಗೋಡೆಯ ಮನೆಯಲ್ಲಿ ಇದು ಜೀವದ ಪ್ರಶ್ನೆ. ಜೆಸ್ಕಾಂ ಮೀಟರಿನ ಬಾಕಿ ಎಷ್ಟಿದೆ, ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದನ್ನು ಕ್ರಯಕ್ಕೆ ಮೊದಲೇ ನೋಡಿ. ನೀರಿನ ಕರವೂ ಹಾಗೇ.

ಗಿಲಾವು, ಕಾಂಕ್ರೀಟಿಗೆ ನೀರುಣಿಸುವುದರಲ್ಲಿ ನಮ್ಮ ಕಡೆ ದೊಡ್ಡ ಸೋಮಾರಿತನವಿದೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ ಹತ್ತು ದಿನ ಒದ್ದೆಯಾಗಿಡಬೇಕು, ಬಿಸಿಲಿನ ಕಾಲದಲ್ಲಿ ಹದಿನಾಲ್ಕು ದಿನ. ಮಾರ್ಚಿನಿಂದ ಮೇವರೆಗಿನ ಬಳ್ಳಾರಿಯ ಗಾಳಿಗೆ ಬೆಳಗಿನ ನೀರು ಮಧ್ಯಾಹ್ನಕ್ಕೆ ಆರಿಹೋಗುತ್ತದೆ, ಗೋಣಿತಾಟು ಹೊದಿಸಿ. ಬಣ್ಣ ಹಚ್ಚುವ ಅವಸರ ಬೇಡ, ಗಿಲಾವು ಪೂರ್ತಿ ಒಣಗಲಿ.

ಬಣ್ಣ, ನೆಲ, ಗಿಲಾವಿನಂಥ ದುರಸ್ತಿ ಬೇರೆ, ಗೋಡೆ ಎತ್ತರಿಸುವುದು, ಮಾಳಿಗೆ ತೆಗೆದು ಆರ್‌ಸಿಸಿ ಹಾಕುವುದು, ಕೋಣೆ ಹೆಚ್ಚಿಸುವುದು ಬೇರೆ. ಎರಡನೆಯ ಬಗೆಯ ಕೆಲಸಕ್ಕೆ ಪುರಸಭೆಯ ಅನುಮತಿ ಬೇಕು. ಆ ಕಾಗದ ಮುಂದೆ ಮಾರುವಾಗ ನಿಮ್ಮ ಕಡೆಗಿರುವ ಸಾಕ್ಷಿ. ಮಣ್ಣಿನ ಗೋಡೆ ಕೆಡಹುವಾಗ ಕೂಲಿಯವರನ್ನು ಕೆಳಗೆ ನಿಲ್ಲಿಸಬೇಡಿ, ಮೇಲಿನಿಂದ ಪದರಪದರವಾಗಿ ಇಳಿಸಲಿ. ಅವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇಲ್ಲದಿದ್ದರೆ ಮಾಡಿಸಿಕೊಳ್ಳಲು ನೆರವಾಗಿ.

ಲೆಕ್ಕ

ಕಟ್ಟೆಯ ಮೇಲೆ ಕೂತು ಹಾಕುವ ಲೆಕ್ಕ ಹೀಗಿರುತ್ತದೆ: 15 ಲಕ್ಷಕ್ಕೆ ಕೊಂಡೆ, 4 ಲಕ್ಷ ಖರ್ಚು ಮಾಡಿದೆ, 24ಕ್ಕೆ ಮಾರಿದೆ, 5 ಲಕ್ಷ ಲಾಭ. ಇದನ್ನೇ ಉದಾಹರಣೆಯಾಗಿಟ್ಟುಕೊಂಡು ಪೂರ್ತಿ ಬರೆಯೋಣ.

ಮನೆ ಕೊಳ್ಳುವಾಗ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ಶೇ 7.6. ಅಂದರೆ 15 ಲಕ್ಷಕ್ಕೆ 1,14,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಆ ದರದ ಮೇಲೆ. ದಲ್ಲಾಳಿಗೆ ಶೇ 2 ಎಂದು ಹಿಡಿದರೆ 30,000. ವಕೀಲರು, ಎಂಜಿನಿಯರು 25,000. ದುರಸ್ತಿ 4 ಲಕ್ಷ, ಅದರ ಮೇಲೆ ಅನಿರೀಕ್ಷಿತಕ್ಕೆ ಶೇ 20ರಂತೆ 80,000. ಹಳೆ ಮನೆಯಲ್ಲಿ ಈ 80,000 ಖರ್ಚಾಗಿಯೇ ತೀರುತ್ತದೆ. ಹತ್ತು ಲಕ್ಷ ಸಾಲ ಶೇ 12ರ ಬಡ್ಡಿಯಲ್ಲಿ ಹತ್ತು ತಿಂಗಳಿಗೆ ಒಂದು ಲಕ್ಷ. ಕಂದಾಯ, ಕರೆಂಟು 10,000. ಒಟ್ಟು 22,59,000. 24 ಲಕ್ಷಕ್ಕೆ ಮಾರಿ ಶೇ 2 ದಲ್ಲಾಳಿ ಕಳೆದರೆ ಕೈಗೆ 23,52,000. ಉಳಿದದ್ದು 93,000 ರೂಪಾಯಿ, ಅದೂ ತೆರಿಗೆಗೆ ಮೊದಲು. ಮಾರಾಟ ಆರು ತಿಂಗಳು ತಡವಾದರೆ ಬಡ್ಡಿಯೇ 60,000 ತಿನ್ನುತ್ತದೆ. ಬೆಲೆಯೂ ಒಂದು ಲಕ್ಷ ಇಳಿದರೆ ನಷ್ಟ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಸರಿಪಡಿಸಿದ ಮೇಲೆ ಈ ಓಣಿಯಲ್ಲಿ ಈ ಮನೆಗೆ ನಿಜವಾಗಿ ಎಷ್ಟು ಬರುತ್ತದೆ? ಅದರ ಶೇ 70ರಲ್ಲಿ ದುರಸ್ತಿ ಖರ್ಚನ್ನು ಕಳೆಯಿರಿ. ಉಳಿದದ್ದು ನೀವು ಕೊಡಬಹುದಾದ ಗರಿಷ್ಠ ಬೆಲೆ. ಇದು ಅಮೆರಿಕದ ವ್ಯಾಪಾರಿಗಳ ಒರಟು ಸೂತ್ರ, ನಮ್ಮಲ್ಲೂ ಕೆಲಸಕ್ಕೆ ಬರುತ್ತದೆ. ಮೇಲಿನ ಮನೆಗೆ 16.8 ಲಕ್ಷದಲ್ಲಿ 4 ಕಳೆದು 12.8 ಲಕ್ಷ. ಆ ಬೆಲೆಗೆ ಸಿಕ್ಕಿದ್ದರೆ ಅದೇ ಖರ್ಚುಗಳ ನಂತರ ಸುಮಾರು 3.3 ಲಕ್ಷ ಉಳಿಯುತ್ತಿತ್ತು. ಸಿಗದಿದ್ದರೆ ಎದ್ದು ಬರುವುದು. ಎದ್ದು ಬರಲು ಕಲಿಯದವರು ಈ ವ್ಯಾಪಾರಕ್ಕೆ ಬರಬಾರದು.

“ಎಷ್ಟು ಬರುತ್ತದೆ” ಎಂಬುದಕ್ಕೆ ದಲ್ಲಾಳಿಯ ಬಾಯಿಮಾತು ಸಾಲದು. ಸಣ್ಣ ಊರಿನಲ್ಲಿ ವರ್ಷಕ್ಕೆ ಒಂದು ಓಣಿಯಲ್ಲಿ ಮಾರಾಟವಾಗುವುದು ಒಂದೋ ಎರಡೋ ಮನೆ. ಕೊಂಡವರನ್ನೇ ಕೇಳಿ, ಮಾರ್ಗಸೂಚಿ ದರ ನೋಡಿ, ಬ್ಯಾಂಕಿನ ಮೌಲ್ಯಮಾಪಕರ ಅಭಿಪ್ರಾಯ ಪಡೆಯಿರಿ. ಬಳ್ಳಾರಿ ನಗರದ ದರವನ್ನು ಕುರುಗೋಡಿಗೆ ತಂದು ಅಂಟಿಸಬೇಡಿ.

ಬೆಲೆ ಏರುತ್ತಲೇ ಇರುತ್ತದೆ ಎಂಬ ನಂಬಿಕೆಯನ್ನು ನಮ್ಮ ಜಿಲ್ಲೆಯವರಂತೂ ಇಟ್ಟುಕೊಳ್ಳಬಾರದು. ಗಣಿ ಅಬ್ಬರದ ವರ್ಷಗಳಲ್ಲಿ ನಿವೇಶನಗಳ ಬೆಲೆ ಹೇಗೆ ಏರಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಏನಾಯಿತು ಎಂಬುದು ಕಣ್ಣಮುಂದಿದೆ. ಕುರುಗೋಡು, ಸಿರುಗುಪ್ಪಗಳಲ್ಲಿ ಮನೆ ಕೊಳ್ಳುವ ದುಡ್ಡಿನ ಮೂಲ ಭತ್ತ, ಮೆಣಸಿನಕಾಯಿ, ಹತ್ತಿ. ಅವುಗಳ ಮೂಲ ತುಂಗಭದ್ರೆಯ ಕಾಲುವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದದ್ದು ಅದಕ್ಕೇ. ಎರಡನೇ ಬೆಳೆಗೆ ನೀರು ಬರುತ್ತದೋ ಇಲ್ಲವೋ ಎಂಬುದನ್ನು ನೋಡಿಕೊಂಡು ಕೊಳ್ಳಿ. ಮಾರುವ ಹೊತ್ತನ್ನು ಸುಗ್ಗಿಯ ನಂತರಕ್ಕೆ ಹೊಂದಿಸಿ.

ತೆರಿಗೆಯ ವಿಷಯ ಚುಟುಕಾಗಿ. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಇತರ ಆದಾಯಕ್ಕೆ ಸೇರಿ ಅದರ ದರದಲ್ಲೇ ತೆರಿಗೆ. ಇದನ್ನೇ ಕಸುಬಾಗಿಸಿಕೊಂಡರೆ ವ್ಯಾಪಾರದ ಆದಾಯ. ಸಿಮೆಂಟಿನಿಂದ ಸ್ವಿಚ್ಚಿನವರೆಗೆ ಬಿಲ್ಲು ಇಟ್ಟುಕೊಳ್ಳಿ, ಬಿಲ್ಲಿಲ್ಲದ ಖರ್ಚು ಲಾಭವಾಗಿಯೇ ಕಾಣುತ್ತದೆ. 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತವನ್ನು, ಮುಂಗಡವೂ ಸೇರಿ, ಮಾರುವವರು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ. ಅರ್ಧ ಬಿಳಿ ಅರ್ಧ ಕಪ್ಪು ಎಂಬ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಕಾಗದದಲ್ಲಿ ಕಡಿಮೆ ತೋರಿಸಿ ಕೊಂಡವನಿಗೆ ಮಾರುವಾಗ ಲಾಭ ಹೆಚ್ಚಾಗಿ ತೋರುತ್ತದೆ, ತೆರಿಗೆ ಅವನ ತಲೆಗೇ ಬರುತ್ತದೆ.

ಬ್ಯಾಂಕುಗಳು ಸಾಲ ತೀರಿಸದವರ ಮನೆಗಳನ್ನು 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುತ್ತವೆ. ಬೆಲೆ ಕಡಿಮೆ ಕಾಣುತ್ತದೆ. ಆದರೆ ಗೆದ್ದ ಕೂಡಲೇ ಠೇವಣಿ ಸೇರಿ ಶೇ 25 ಕಟ್ಟಬೇಕು, ಉಳಿದದ್ದಕ್ಕೆ ಸಾಮಾನ್ಯವಾಗಿ 15 ದಿನ. ಮನೆ ಇದ್ದ ಸ್ಥಿತಿಯಲ್ಲೇ ನಿಮ್ಮದು, ಒಳಗೆ ಸಂಸಾರ ಇದ್ದರೆ ಬಿಡಿಸಿಕೊಳ್ಳುವ ಪಾಡೂ ಸೇರಿ. ಮೊದಲ ಮನೆಗೆ ಈ ದಾರಿ ಬೇಡವೇ ಬೇಡ.

ಕಲಿಯುವುದು ಎಲ್ಲಿ

ಎರಡು ದಿನದಲ್ಲಿ ರಿಯಲ್ ಎಸ್ಟೇಟ್ ಶ್ರೀಮಂತರಾಗಿಸುತ್ತೇವೆ ಎಂದು ಹೋಟೆಲ್ ಹಾಲಿನಲ್ಲಿ ಸಾವಿರಾರು ರೂಪಾಯಿ ವಸೂಲು ಮಾಡುವ ಶಿಬಿರಗಳಿಗೆ ಹೋಗಬೇಡಿ. ಆ ಪಾಠಗಳಲ್ಲಿ ಸವಳು ಮಣ್ಣೂ ಇಲ್ಲ, ವಂಶವೃಕ್ಷವೂ ಇಲ್ಲ.

ಗ್ರಾಮೀಣ ಯುವಕ ಯುವತಿಯರಿಗೆ ಗಾರೆ ಕೆಲಸ, ವೈರಿಂಗ್, ಪ್ಲಂಬಿಂಗಿನಂಥ ಕಸುಬುಗಳನ್ನು ಊಟ ವಸತಿಯೊಡನೆ ಉಚಿತವಾಗಿ ಕಲಿಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ದೇಶದ ಜಿಲ್ಲೆ ಜಿಲ್ಲೆಯಲ್ಲೂ ಇವೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಅವಕ್ಕೆ ಮಾದರಿ. ಲೀಡ್ ಬ್ಯಾಂಕಿನಲ್ಲಿ ವಿಚಾರಿಸಿದರೆ ಮುಂದಿನ ತಂಡದ ದಿನಾಂಕ ಹೇಳುತ್ತಾರೆ. ನೀವೇ ಇಟ್ಟಿಗೆ ಇಡಬೇಕೆಂದಲ್ಲ. ಗಿಲಾವಿನಲ್ಲಿ ಮರಳೆಷ್ಟು ಸಿಮೆಂಟೆಷ್ಟು ಎಂದು ತಿಳಿದ ಮಾಲೀಕನಿಗೆ ಗುತ್ತಿಗೆದಾರ ಬೇರೆ ರೀತಿಯಲ್ಲೇ ಲೆಕ್ಕ ಕೊಡುತ್ತಾನೆ.

ಅದಾದ ಮೇಲೆ ಒಬ್ಬ ಮೇಸ್ತ್ರಿಯ ಜೊತೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕೆಲಸಕ್ಕೆ ನಿಲ್ಲಿ. ಎರಡೂ ಕಾಲದಲ್ಲಿ ನೋಡದೆ ನಮ್ಮ ಮನೆಗಳು ಅರ್ಥವಾಗುವುದಿಲ್ಲ. ಚದರಡಿ ಗಿಲಾವಿಗೆ ಕೂಲಿ ಎಷ್ಟು, ಟ್ರ್ಯಾಕ್ಟರ್ ಮರಳಿಗೆ ಎಷ್ಟು, ಬಡಗಿಗೆ ದಿನಕ್ಕೆ ಎಷ್ಟು ಎಂದು ಪುಸ್ತಕದಲ್ಲಿ ಬರೆಯುತ್ತ ಹೋಗಿ. ಬಿಡುವಾದಾಗ ಕ್ರಯಪತ್ರಗಳನ್ನು ಓದಿ; ಚಕ್ಕುಬಂದಿ ಹೇಗೆ ಬರೆದಿದ್ದಾರೆ, ಅಳತೆ ನೆಲದ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಮನೆ ಕೊಳ್ಳದೆಯೇ ದುಡಿಯುವ ದಾರಿಯೂ ಉಂಟು. ಊರಿಗೆ ಬರಲಾಗದ ಬೆಂಗಳೂರಿನವರ ಮನೆಯನ್ನು ನಿಗದಿತ ಶುಲ್ಕಕ್ಕೆ ಸರಿಪಡಿಸಿಕೊಟ್ಟು ಮಾರಿಸಿಕೊಡುವುದು. ಬಂಡವಾಳ ಅವರದು, ಅಪಾಯ ಅವರದು, ಕಲಿಕೆ ನಿಮ್ಮದು. ಹೊಸಬರಿಗೆ ನಾನು ಹೇಳುವ ಮೊದಲ ದಾರಿ ಇದೇ. ಅಷ್ಟಾದರೂ ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ.

ಮಾರುವಾಗ ಮನೆಯ ದೋಷಗಳನ್ನು ಬಾಯಿಬಿಟ್ಟು ಹೇಳಿ. ನೋಡಿದರೆ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ಕೊಳ್ಳುವವರಿಗೆ ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಹೊಸ ವೈರಿಂಗಿನ ನಕ್ಷೆ, ಮಾಳಿಗೆ ಕೆಲಸದ ಫೋಟೋಗಳು, ಎಂಜಿನಿಯರ ಪತ್ರ, ಪುರಸಭೆಯ ಅನುಮತಿ, ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ಕೊಡಿ. ನೋಂದಣಿ ಈಗ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಆಗುತ್ತದೆ, ಸಂಬಳದಾರ ಕೊಳ್ಳುವವರಿಗೆ ಅನುಕೂಲವಾದ ಕಚೇರಿಯನ್ನು ಅವರೇ ಆರಿಸಲಿ.

ಈಗ ಆರಂಭಿಸಬೇಕೆಂದಿರುವವರಿಗೆ ಒಂದೇ ಕೋರಿಕೆ. ಈ ವರ್ಷ ಮನೆ ಕೊಳ್ಳಬೇಡಿ. ನಿಮ್ಮ ಓಣಿಯಲ್ಲಿ ಬೀಗ ಬಿದ್ದಿರುವ ಮನೆಗಳ ಪಟ್ಟಿ ಮಾಡಿ, ಯಾರದು, ಯಾಕೆ ಬೀಗ ಬಿತ್ತು, ಸಹಿ ಹಾಕಬೇಕಾದವರು ಎಷ್ಟು ಮಂದಿ ಎಂದು ಬರೆದುಕೊಳ್ಳಿ. ಮುಂಗಾರು ಬಂದಾಗ ಕೊಡೆ ಹಿಡಿದು ಹೋಗಿ ಯಾವ ಮಾಳಿಗೆ ಸೋರುತ್ತದೆ, ಯಾವ ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತದೆ ನೋಡಿ. ಆ ಪಟ್ಟಿಯಲ್ಲಿ ಕಾಗದ ಶುದ್ಧವಾಗಿ, ಮಾಳಿಗೆ ಗಟ್ಟಿಯಾಗಿ, ಬೆಲೆ ಲೆಕ್ಕಕ್ಕೆ ಹೊಂದುವ ಮನೆ ಒಂದೇ ಉಳಿದರೂ ಆರಂಭಕ್ಕೆ ಅದು ಸಾಕು.